ಎರಡನೆಯ ಪ್ರಶ್ನೆ

"ಒಂದೇ ಪ್ರಶ್ನೆ ಕಣ್ರೀ. ಒಂದು ಕೇಳಿ ಕೂತ್ಕೊಂಡೋನು ವಕೀಲ. ಎರಡನೇದು ಕೇಳೋನು ಮೇಷ್ಟ್ರು," ಎನ್ನುತ್ತಾ ಹರಿಪ್ರಸಾದ್ ಇಡ್ಲಿಯ ಕೊನೆಯ ತುಂಡಿನಿಂದ ತಟ್ಟೆಯ ಚಟ್ನಿಯನ್ನು ಬಳಿದುಕೊಂಡರು. "ಕೇಳಿಸ್ತಾ ಸಕ್ಲೇನ್ ಅವ್ರೇ?"

ಕೇಳಿಸಿತ್ತು. ನಿನ್ನೆ ಸಂಜೆಯಿಂದ ಇದು ಐದನೇ ಸಲ. ದೊಡ್ಡಬಳ್ಳಾಪುರದ ಕೋರ್ಟಿನ ಎದುರಿನ ಈ ಹೋಟೆಲಿನಲ್ಲಿ ಸೀನಿಯರ್ ಹೇಳಿದ್ದಕ್ಕೆಲ್ಲ ತಲೆಯಾಡಿಸುವುದು ಸಕ್ಲೇನನಿಗೆ ಎರಡು ವರ್ಷದಲ್ಲಿ ಅಭ್ಯಾಸವಾಗಿತ್ತು. ಇವತ್ತು ಆಡಿಸಿದಾಗ ಮಾತ್ರ ವಕೀಲರ ಹೊಸ ಬಿಳಿಪಟ್ಟಿ ಗಂಟಲಿಗೆ ಒತ್ತಿತು. ಎದುರಿಗೆ ಕೂತಿದ್ದ ಅಕ್ರಂ ಮಾಮು, ಅಂದರೆ ಅವನ ಅಮ್ಮ ಫರೀದಾಳ ಅಣ್ಣ, ಈ ದಾವೆಯ ಪ್ರತಿವಾದಿ, ಅಳಿಯನ ಬಿಳಿಪಟ್ಟಿಯನ್ನು ಮದುವೆಗಂಡಿನ ಹೂವಿನ ಪರದೆ ನೋಡುವ ಹಾಗೆ ನೋಡುತ್ತಿದ್ದರು. ಎದ್ದು ನಿಂತು ಪ್ರಶ್ನೆ ಕೇಳುವವನು ಅಳಿಯನೇ ಆಗಬೇಕೆಂದು ಹಟ ಹಿಡಿದವರೂ ಅವರೇ. "ಸೀನಿಯರ್ ಸಾಬ್, ಹತ್ತು ವರ್ಷ ನಮ್ ಮನೆ ಹುಡುಗ ಗಾಜಿನ ಕೊಳವೆ ಜೊತೆ ಮಾತಾಡಿದಾನೆ. ಒಂದ್ಸಲ ಮನುಷ್ಯರ ಜೊತೆ ಮಾತಾಡ್ಲಿ ಬಿಡಿ," ಎಂದಿದ್ದರು. ಹರಿಪ್ರಸಾದ್ ಒಪ್ಪಿದ್ದಕ್ಕೆ ಕಾರಣ ಬೇರೆ. ಪ್ರಶ್ನೆ ಅಷ್ಟು ಸುಲಭದ್ದಾಗಿತ್ತು.

ದಾವೆಯೂ ಸುಲಭದ್ದೇ. ಅಕ್ರಂ ಮಾಮುವಿನ ಬಣ್ಣದ ಶೆಡ್ಡು ಊರಿನ ಅಂಚಿನಲ್ಲಿದೆ. ಪವರ್‌ಲೂಮಿನವರಿಗೆ ನೂಲಿಗೆ ಬಣ್ಣ ಹಾಕಿಕೊಡುವ ಆರು ತೊಟ್ಟಿ, ಹನ್ನೊಂದು ಜನ. ಅದರ ಕೆಳಗೆ ಎರಡು ಹೊಲ ದಾಟಿದರೆ ಪಿಳ್ಳಣ್ಣನ ಬಾವಿ. ಬಾವಿಯ ನೀರನ್ನು ಹಸು ಮೂಸಿ ನೋಡಿ ತಿರುಗಿಕೊಳ್ಳುತ್ತದೆಂದು, ಶೆಡ್ಡನ್ನು ಮುಚ್ಚಿಸಬೇಕೆಂದು ಪಿಳ್ಳಣ್ಣ ಕೋರ್ಟಿಗೆ ಬಂದಿದ್ದ. ಜೊತೆಗೆ ಬೆಂಗಳೂರಿನ ಒಂದು ಖಾಸಗಿ ಲ್ಯಾಬಿನಿಂದ ಮಾಡಿಸಿದ ನೀರಿನ ವರದಿ. ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿ, ಉಪ್ಪಿನಂಶ ಹೆಚ್ಚು, ಕುಡಿಯಲು ಯೋಗ್ಯವಲ್ಲ, ಎಂದಿತ್ತು. ಮೂರನೇ ಪುಟದ ಪಟ್ಟಿಯಲ್ಲಿ ಮಾತ್ರ ಕ್ಲೋರೈಡ್, ಅಂದರೆ ಉಪ್ಪಿನಂಶ, ಲೀಟರಿಗೆ ನೂರ ನಲವತ್ತೆಂಟು ಮಿಲಿಗ್ರಾಂ. ಇನ್ನೂರೈವತ್ತರವರೆಗೆ ಇದ್ದರೆ ಚಿಂತೆಯಿಲ್ಲ. "ಅವ್ರ ಲಾಯರ್ ಮೊದಲನೇ ಪುಟ ಓದಿ ನೆಮ್ಮದಿಯಾಗಿ ನಿದ್ದೆ ಮಾಡಿದಾರೆ," ಎಂದು ಹರಿಪ್ರಸಾದ್ ಕೈ ತೊಳೆದು ಬಂದು ಹೇಳಿದರು. "ನಾವು ಮೂರನೇ ಪುಟದಲ್ಲಿ ಎಬ್ಬಿಸ್ತೀವಿ. ಅಷ್ಟೇ. ಎದ್ದೇಳಿ."

ಸಕ್ಲೇನ್ ನಿನ್ನೆ ಮನೆಯಲ್ಲಿ ಆ ಮೂರನೇ ಪುಟವನ್ನು ಓದಿದ್ದ. ವಕೀಲನ ಹಾಗೆ ಓದಬೇಕೆಂದು ಕೂತವನು ಎರಡು ಸಾಲು ದಾಟುವುದರೊಳಗೆ ಪೆನ್ಸಿಲ್ ಹುಡುಕತೊಡಗಿದ್ದ. ಉಪ್ಪು ಹೆಚ್ಚಿದಷ್ಟೂ ನೀರಿನಲ್ಲಿ ವಿದ್ಯುತ್ತು ಹೆಚ್ಚು ಹರಿಯುತ್ತದೆ. ಕ್ಲೋರೈಡ್ ನೂರ ನಲವತ್ತೆಂಟು ಇರುವ ನೀರಿನಲ್ಲಿ, ಕೆಳಗಿನ ಸಾಲಿನಲ್ಲಿ ಬರೆದಷ್ಟು ವಿದ್ಯುತ್ತು ಹರಿಯುವುದು ಸಾಧ್ಯವೇ ಇರಲಿಲ್ಲ. ಪಟ್ಟಿಯ ಅಡಿಯಲ್ಲಿ ಇರುವೆಯ ಸಾಲಿನಂಥ ಅಕ್ಷರಗಳಲ್ಲಿ, ಮಾದರಿಯನ್ನು ಹತ್ತು ಪಟ್ಟು ತೆಳುಮಾಡಿ ಪರೀಕ್ಷಿಸಲಾಗಿದೆ, ಎಂದಿತ್ತು. ತೆಳುಮಾಡಿದ್ದಾರೆ, ಆಮೇಲೆ ಹತ್ತರಿಂದ ಗುಣಿಸುವುದನ್ನು ಮರೆತಿದ್ದಾರೆ. ಸಾವಿರದ ನಾನೂರ ಎಂಬತ್ತು. ನೂಲಿಗೆ ಬಣ್ಣ ಹಿಡಿಸಲು ಮಾಮು ವಾರಕ್ಕೊಮ್ಮೆ ತರಿಸುವ ಉಪ್ಪಿನ ಮೂಟೆಗಳು, ಚಿಕ್ಕವನಿದ್ದಾಗ ತಾನೇ ಅವುಗಳ ಮೇಲೆ ಕೂತು ಪಾಠ ಓದಿದ್ದು, ಪ್ಯಾಂಟಿನ ಹಿಂಭಾಗ ಯಾವಾಗಲೂ ಬಿಳಿ ಬಿಳಿಯಾಗಿ ಸ್ಕೂಲಿನಲ್ಲಿ ನಗೆಪಾಟಲಾಗಿದ್ದು, ಆ ಮೂಟೆಗಳೆಲ್ಲ ಎಲ್ಲಿಗೆ ಹೋದವು ಎಂಬುದಕ್ಕೆ ಮೂರನೇ ಪುಟ ಉತ್ತರ ಹೇಳುತ್ತಿತ್ತು, ಆದರೆ ಒಂದು ಸೊನ್ನೆ ನುಂಗಿ. ಅವನು ಪೆನ್ಸಿಲಿನಿಂದ ಆ ಸೊನ್ನೆಯನ್ನು ಬರೆದ. ತಕ್ಷಣ ರಬ್ಬರಿನಿಂದ ಅಳಿಸಿದ. ಸೀನಿಯರಿಗೆ ಹೇಳಲಿಲ್ಲ. ಹೇಳಿದ್ದರೆ ಅವರು, ತುಂಬಾ ಒಳ್ಳೇದು, ಬಾಯಿ ಮುಚ್ಕೊಂಡಿರಿ, ಎನ್ನುತ್ತಿದ್ದರು. ಹೇಳಿಸಿಕೊಂಡು ಬಾಯಿ ಮುಚ್ಚುವುದಕ್ಕಿಂತ ತಾನಾಗಿಯೇ ಮುಚ್ಚಿದರೆ ಮರ್ಯಾದೆ ಉಳಿಯುತ್ತದೆಂದು ಅವನ ಲೆಕ್ಕ.

ಲ್ಯಾಬು ಬಿಟ್ಟು ಇಲ್ಲಿಗೆ ಬಂದಿದ್ದೂ ಮರ್ಯಾದೆಯ ಲೆಕ್ಕದಲ್ಲೇ. ಎಂ.ಎಸ್ಸಿ. ಮುಗಿಸಿ ಐದು ವರ್ಷ ಔಷಧಿ ಕಾರ್ಖಾನೆಯೊಂದರ ಪರೀಕ್ಷಾ ವಿಭಾಗದಲ್ಲಿದ್ದ. ಅಲ್ಲಿ ಮೇಲಿನವರು ಸರಕು ಹೊರಟ ಮೇಲೆ ಪರೀಕ್ಷೆಯ ಕಾಗದ ತಂದು, ಇಲ್ಲೊಂದು ಸಹಿ ಹಾಕು ಗುರು, ಎನ್ನುತ್ತಿದ್ದರು. ಸುಳ್ಳನ್ನು ನಿಲ್ಲಿಸಿ ಪ್ರಶ್ನೆ ಕೇಳುವ ಒಂದು ಜಾಗ ಲೋಕದಲ್ಲಿ ಇದ್ದೇ ಇರಬೇಕು, ಅದಕ್ಕೆ ಕಟಕಟೆ ಅಂತ ಹೆಸರು, ಎಂದುಕೊಂಡು ಅವನು ಮೂರು ವರ್ಷ ಕಾನೂನು ಓದಿದ. ನೆಂಟರಿಷ್ಟರಲ್ಲಿ ಯಾರಿಗೂ ಇದು ಅರ್ಥವಾಗಲಿಲ್ಲ. "ಬಣ್ಣದ ಶೆಡ್ಡಲ್ಲಿ ಬೆಳೆದೋನು ಕರೀಕೋಟು ಬಿಳಿಪಟ್ಟಿಗೆ ಹೋದ ನೋಡಿ," ಎಂದು ಮಾಮು ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದರು. ಹರಿಪ್ರಸಾದರ ಆಫೀಸಿಗೆ ಸೇರಿಸಿದವರೂ ಅವರೇ. ಅಲ್ಲಿ ಮೊದಲ ದಿನವೇ ಕ್ಲರ್ಕ್ ಅನಿಲ್‌ಕುಮಾರ್, ಸಕ್ಲೇನ್ ಯಾವುದೋ ಪ್ರಶ್ನೆಗೆ ಗೊತ್ತಿಲ್ಲ ಎಂದಿದ್ದಕ್ಕೆ ಗಾಬರಿಯಾಗಿ ಬಾಗಿಲು ಹಾಕಿ ಬಂದಿದ್ದ. "ಸಾರ್, ಆ ಪದ ಈ ರೂಮಲ್ಲಿ ಬೇಡ. ಪಾರ್ಟಿಗಳು ಹೊರಗೇ ಕೂತಿರ್ತಾರೆ. ನೋಡ್ಬೇಕಾಗುತ್ತೆ ಅನ್ನಿ."

ಕೋರ್ಟು ಹಾಲಿನಲ್ಲಿ ಇವರ ದಾವೆ ಕೂಗುವ ಹೊತ್ತಿಗೆ ಹನ್ನೆರಡು ದಾಟಿತ್ತು. ಅದಕ್ಕೂ ಮುಂಚೆ ನಾಲ್ಕು ಸಾಕ್ಷಿಗಳು ಹತ್ತಿ ಇಳಿದರು. ಸಕ್ಲೇನನಿಗೆ ಇಲ್ಲಿ ಬಂದ ಹೊಸತರಲ್ಲಿ ತುಂಬಾ ವಿಚಿತ್ರವೆನಿಸಿದ್ದು ಸಾಕ್ಷಿಯ ಮಾತನ್ನು ಬರೆದುಕೊಳ್ಳುವ ರೀತಿ. ವಕೀಲರು, ಈ ಗೋಡೆ ನಿಂದಲ್ಲ ಅಂತೀನಿ, ಎನ್ನುತ್ತಾರೆ. ಸಾಕ್ಷಿ ತಲೆ ಅಲ್ಲಾಡಿಸುತ್ತದೆ. ನ್ಯಾಯಾಧೀಶರು ಬೆರಳಚ್ಚುಗಾರ್ತಿಗೆ, "ಆ ಗೋಡೆ ನನ್ನದಲ್ಲ ಎಂದರೆ ಸರಿಯಲ್ಲ," ಎಂದು ಬರೆಸುತ್ತಾರೆ. ಹಾಗೆ ಪುಟಗಟ್ಟಲೆ. ನಾನು ಸುಳ್ಳು ಹೇಳುತ್ತಿದ್ದೇನೆ ಎಂದರೆ ಸರಿಯಲ್ಲ. ನನಗೆ ಕಣ್ಣು ಕಾಣುವುದಿಲ್ಲ ಎಂದರೆ ಸರಿಯಲ್ಲ. ಒಂದು ಬದುಕು ಪೂರ್ತಿ ಸರಿ ಮತ್ತು ಸರಿಯಲ್ಲಗಳಲ್ಲಿ ಮುಗಿದುಹೋಗುವುದು, ನಡುವೆ ಹೆಚ್ಚುಕಡಿಮೆ ಎಂಬ ಜಾಗವೇ ಇಲ್ಲದಿರುವುದು ಕಂಡು ಅವನು ಬೆರಗಾಗಿದ್ದ. ಲ್ಯಾಬಿನಲ್ಲಿ ಒಂದು ಬೀಕರು ನೀರಿನ ಬಗ್ಗೆ ಕೂಡ ಇಷ್ಟು ಖಚಿತವಾಗಿ ಯಾರೂ ಮಾತಾಡುತ್ತಿರಲಿಲ್ಲ.

ಕಟಕಟೆ ಹತ್ತಿದ, ನೀರಿನ ವರದಿ ಬರೆದ ಪರೀಕ್ಷಕಿಯನ್ನು ಕಂಡು ಅವನಿಗೆ ಆಶ್ಚರ್ಯವಾಗಲಿಲ್ಲ. ಹೆಸರನ್ನು ನಿನ್ನೆಯೇ ವರದಿಯ ಕೆಳಗೆ ಓದಿದ್ದ. ಅರ್ಪಿತ. ಎಂ.ಎಸ್ಸಿ.ಯಲ್ಲಿ ಎರಡು ವರ್ಷ ಎದುರು ಮೇಜಿನಲ್ಲಿ ನಿಂತಿದ್ದವಳು. ಅವಳ ಕಣ್ಣು ಇವನ ಮುಖ, ಬಿಳಿಪಟ್ಟಿ, ಕಂಕುಳ ಹತ್ತಿರ ಹೊಲಿಗೆ ಬಿಟ್ಟ ಗೌನು, ಎಲ್ಲವನ್ನೂ ಒಂದು ಸುತ್ತು ಹಾಕಿ ಬಂದಿತು. ಒಂದು ಸಣ್ಣ ನಗೆ ಬರಲು ಹೋಗಿ, ಇದು ಕೋರ್ಟು ಎಂದು ನೆನಪಾಗಿ ನಿಂತಿತು. ಆಗೆಲ್ಲ ಅವಳು ಇವನನ್ನು ಕರೆಕ್ಷನ್ ಕಾಕಾ ಎನ್ನುತ್ತಿದ್ದಳು. ಯಾರ ರೆಕಾರ್ಡ್ ಪುಸ್ತಕ ತೆರೆದಿದ್ದರೂ ಸರಿ, ಕೇಳದೆಯೇ ಬಗ್ಗಿ ನೋಡಿ, ಇಲ್ಲಿ ದಶಮಾಂಶ ತಪ್ಪಿದೆ, ಎನ್ನುವ ಚಾಳಿ ಇವನದು. ಒಂದು ಸಲ ಬೇರೊಬ್ಬ ಹುಡುಗಿಯ ಪ್ರೇಮಪತ್ರದಲ್ಲಿ ತಾರೀಖು ತಿದ್ದಿದ್ದನೆಂದು ಇಡೀ ವಿಭಾಗದಲ್ಲಿ ಸುದ್ದಿಯಾಗಿತ್ತು. ಸುದ್ದಿ ನಿಜ.

"ಮೂರನೇ ಪುಟ ನೋಡಿ," ಎಂದ ಸಕ್ಲೇನ್. ತನ್ನದೇ ದನಿ ಯಾರೋ ಪಕ್ಕದ ಮನೆಯವರದ್ದೆನಿಸಿತು. "ಕ್ಲೋರೈಡ್ ಲೀಟರಿಗೆ ನೂರ ನಲವತ್ತೆಂಟು ಮಿಲಿಗ್ರಾಂ ಅಂತ ಬರೆದಿದೀರಿ. ಮಿತಿ ಇನ್ನೂರೈವತ್ತು, ಅಂದ್ರೆ ಇದು ಮಿತಿಯೊಳಗೇ ಇದೆ ಅಂತ ಅರ್ಥ. ಸರಿ ತಾನೇ?"

"ಸರಿ."

ನ್ಯಾಯಾಧೀಶರು ಬರೆಸಿದರು. ಬೆರಳಚ್ಚುಗಾರ್ತಿಯ ಕೀಲಿಗಳು ಟಪಟಪನೆ ಓಡಿ ನಿಂತವು. ಹರಿಪ್ರಸಾದ್ ಹಿಂದಿನಿಂದ ಗೌನಿನ ಅಂಚು ಎಳೆದರು. ಸಾಕು, ಕೂತ್ಕೊಳ್ಳಿ, ಎಂದು ಎಳೆತ ಹೇಳಿತು. ಹಿಂದಿನ ಬೆಂಚಿನಲ್ಲಿ ಮಾಮು ಕೆಮ್ಮಿದ್ದು ಕೇಳಿಸಿತು. ಅದು ಅವರ ಸಂತೋಷದ ಕೆಮ್ಮು, ಗಿರಾಕಿ ಬಣ್ಣ ಒಪ್ಪಿಕೊಂಡಾಗ ಬರುವಂಥದ್ದು. ಸಕ್ಲೇನ್ ಕೂರಲು ಮೊಣಕಾಲು ಮಡಿಸಿದ್ದ ಕೂಡ. ಆದರೆ ಅರ್ಪಿತ ಪುಟದಿಂದ ಕಣ್ಣು ತೆಗೆದಿರಲಿಲ್ಲ. ಅವಳ ಹುಬ್ಬು ಗಂಟಿಕ್ಕಿತ್ತು, ತುಟಿ ಸಂಖ್ಯೆಗಳನ್ನು ಗುಣುಗುತ್ತಿತ್ತು. ಎಲ್ಲೋ ಏನೋ ಸರಿಯಿಲ್ಲ, ಎಲ್ಲಿ ಎಂದು ಗೊತ್ತಾಗುತ್ತಿಲ್ಲ. ಆ ಮುಖ ಅವನಿಗೆ ಗೊತ್ತು. ಎರಡು ವರ್ಷ ದಿನಕ್ಕೆ ನಾಲ್ಕು ಸಲ ನೋಡಿದ ಮುಖ. ಬ್ಯುರೆಟ್ಟಿನ ಗಾಜಿನ ಕೊಳವೆಯಿಂದ ಒಂದೊಂದೇ ಹನಿ ಬಿಡುತ್ತಾ, ಹಳದಿ ದ್ರಾವಣ ಇಟ್ಟಿಗೆ ಬಣ್ಣಕ್ಕೆ ತಿರುಗುವ ಆ ಒಂದು ಹನಿಗಾಗಿ ಉಸಿರು ಹಿಡಿದು ಕಾಯುತ್ತಿದ್ದಾಗ ಬರುತ್ತಿದ್ದ ತುರಿಕೆ ಅವನ ಬೆರಳ ತುದಿಗೆ ಬಂತು. ಹನ್ನೊಂದು ಜನರ ಕೆಲಸ, ಅಮ್ಮ ಹುಟ್ಟಿ ಬೆಳೆದ ಮನೆ, ಮಾಮುವಿನ ಕೆಮ್ಮು ಎಲ್ಲವೂ ಅವನಿಗೆ ನೆನಪಿತ್ತು. ಪಿಳ್ಳಣ್ಣನ ಹಸುವೂ ನೆನಪಿತ್ತು ಎಂದು ಹೇಳಿದರೆ ಸುಳ್ಳಾಗುತ್ತದೆ. ಹಸುವಿಗೂ ಬಾವಿಗೂ ಆ ಗಳಿಗೆಗೂ ಸಂಬಂಧವೇ ಇರಲಿಲ್ಲ. ಒಂದು ಸೊನ್ನೆ ತಪ್ಪಿತ್ತು, ಅವನು ಎದುರಿಗಿದ್ದ, ಅಷ್ಟೇ.

"ಸ್ಯಾಂಪಲ್‌ನ ಹತ್ತು ಪಟ್ಟು ತೆಳುಮಾಡಿ ತಾನೇ ನೋಡಿದ್ದು?"

ಹಿಂದಿನಿಂದ ಈ ಸಲ ಗೌನಿನ ಅಂಚನ್ನು ಜೋರಾಗಿ ಎಳೆದರು.

"ಹೌದು," ಎಂದಳು ಅರ್ಪಿತ.

"ಬಂದ ಉತ್ತರಾನ ಹತ್ತರಿಂದ ಗುಣಿಸಿದ್ರಾ?"

ಫ್ಯಾನು ತಿರುಗುತ್ತಿತ್ತು. ಅರ್ಪಿತಳ ಹುಬ್ಬಿನ ಗಂಟು ಬಿಚ್ಚಿಕೊಂಡಿತು; ಮೊದಲು ಮುಖದ ಮೇಲೆ ನಿರಾಳ, ಅದರ ಹಿಂದೆಯೇ ನಾಚಿಕೆ. "ಇಲ್ಲ," ಎಂದಳು. "ಮರೆತಿದೀನಿ."

"ಗುಣಿಸಿದ್ರೆ?"

"ಸಾವಿರದ ನಾನೂರ ಎಂಬತ್ತು."

ನ್ಯಾಯಾಧೀಶರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ವಕೀಲರೇ," ಎಂದರು, ತುಂಬಾ ಮೆತ್ತಗೆ, "ನೀವು ಪ್ರತಿವಾದಿ ಪರ ಅಲ್ವಾ?"

"ಹೌದು ಮೇಡಂ."

"ಖಂಡಿತಾ?"

ಹಾಲಿನಲ್ಲಿ ನಗೆ ಎದ್ದಿತು. ಅವರು ಕನ್ನಡಕ ಮತ್ತೆ ಏರಿಸಿ ಬರೆಸಿದರು: ನಾನು ಹತ್ತರಿಂದ ಗುಣಿಸುವುದನ್ನು ಮರೆತಿದ್ದೇನೆ ಎಂದರೆ ಸರಿ. ಸಾಕ್ಷಿಯ ಮರುವಿಚಾರಣೆ ಉಂಟೇ ಎಂದು ಕೇಳಿದಾಗ ಪಿಳ್ಳಣ್ಣನ ವಕೀಲರು ಅರ್ಧ ಎದ್ದು, ಎದೆಯ ಮೇಲೆ ಕೈಯಿಟ್ಟು, "ಇಲ್ಲ ಮೇಡಂ. ನನ್ನ ಕೆಲ್ಸಾನೂ ನನ್ನ ಗೆಳೆಯರೇ ಮುಗಿಸಿಕೊಟ್ಟಿದ್ದಾರೆ," ಎಂದು ಕೂತರು. ಮತ್ತೆ ನಗೆ. ಸಕ್ಲೇನನ ಕಿವಿ ಸುಡುತ್ತಿತ್ತು. ಆದರೆ ಎದೆಯೊಳಗೆ, ಯಾರಿಗೂ ತೋರಿಸಲಾಗದ ಜಾಗದಲ್ಲಿ, ಹಳದಿ ಇಟ್ಟಿಗೆ ಬಣ್ಣಕ್ಕೆ ತಿರುಗಿದ ಸುಖ ತಣ್ಣಗೆ ಕೂತಿತ್ತು. ಅದು ಅವನಿಗೆ ಎಲ್ಲಕ್ಕಿಂತ ಹೆಚ್ಚು ಅವಮಾನ ಮಾಡಿತು.

ವರಾಂಡದಲ್ಲಿ ಮಾಮು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. "ಕ್ಯಾ ರೇ," ಎಂದರು, "ಅವ್ರು ನಿನಗೇನಾದ್ರೂ ಕೊಟ್ಟಿದ್ರೆ ಹೇಳು, ಬೇಜಾರಿಲ್ಲ. ಕೊಡದೇನೇ ಹಿಂಗೆ ಮಾಡಿದ್ರೆ ಡಾಕ್ಟರ್‌ಗೆ ತೋರಿಸೋಣ." ಕಂಬಕ್ಕೊರಗಿ ಕೂತುಬಿಟ್ಟರು. ಉಗುರಿನ ಸಂದಿಯಲ್ಲಿ ಎಷ್ಟು ತೊಳೆದರೂ ಹೋಗದ ನೀಲಿ. "ನಿಮ್ಮ ಅಮ್ಮಂಗೆ ನಾನೇನು ಹೇಳ್ಲಿ? ನಿನ್ನ ಮಗ ನನ್ನ ಶೆಡ್ಡಿಗೆ ಬೀಗ ಹಾಕ್ಸಿದ, ಆದ್ರೆ ಲೆಕ್ಕ ಸರಿಯಾಗಿತ್ತು ಅಂತ ಹೇಳ್ಲಾ?" ನೋಡ್ಬೇಕಾಗುತ್ತೆ ಎಂಬ ಅನಿಲ್‌ಕುಮಾರನ ಮಾತಷ್ಟೇ ಸಕ್ಲೇನನ ನಾಲಿಗೆಗೆ ಬಂತು. ಅರ್ಪಿತ ಫೈಲು ಅವುಚಿಕೊಂಡು ಪಕ್ಕದಲ್ಲೇ ಹಾದುಹೋದಳು. ನಿಂತು, ಮಾಮುವಿಗೆ ಕೇಳಿಸದ ಹಾಗೆ, "ಥ್ಯಾಂಕ್ಸ್ ಕಣೋ. ಮನೆಗೆ ಹೋದ್ಮೇಲೆ ಹೊಳೆದಿದ್ರೆ ನಿದ್ದೆ ಬರ್ತಿರ್ಲಿಲ್ಲ," ಎಂದಳು. "ಹೊಸ ಸ್ಯಾಂಪಲ್ ತಗೊಂಡು ಸರಿಯಾಗಿ ಮಾಡಿಕೊಡ್ತೀನಿ ಅಂತ ಪಿಳ್ಳಣ್ಣನ ಲಾಯರ್‌ಗೆ ಹೇಳ್ದೆ. ಬೇಡ, ಇಷ್ಟೇ ಸಾಕು ಅಂದ್ರು."

ಹರಿಪ್ರಸಾದ್ ಅಷ್ಟು ಹೊತ್ತೂ ಅವರಿಗೆ ಬೆನ್ನು ಹಾಕಿದ್ದರು. ಗೋಡೆಯ ಕಡೆ ಮುಖ ಮಾಡಿ, ಅಲ್ಲಿ ಅಂಟಿಸಿದ್ದ ಹಳೆಯ ಹರಾಜು ನೋಟೀಸನ್ನು ಮೂರು ಸಲ ಓದಿದ್ದರು. ಅರ್ಪಿತಳ ಕೊನೆಯ ಮಾತು ಕಿವಿಗೆ ಬಿದ್ದದ್ದೇ ತಿರುಗಿದರು. ಮುಖದಲ್ಲಿ ದೀಪ ಹೊತ್ತಿತ್ತು. ಅವಳು ಮೆಟ್ಟಿಲು ಇಳಿಯುವವರೆಗೂ ಕಾದರು.

"ಬೇಡ ಅಂದ್ರಂತಾ? ಮರುವಿಚಾರಣೇನೂ ಮಾಡ್ಲಿಲ್ಲ. ಅಕ್ರಂ ಸಾಬ್ರೇ, ಎದ್ದೇಳಿ ಮೇಲೆ. ನಿಮ್ಮ ಅಳಿಯ ಏನು ಮಾಡಿದಾನೆ ಗೊತ್ತಾ? ಲ್ಯಾಬಿನ ಮುದ್ರೆ ಹೊತ್ತ ಕಾಗದದಲ್ಲಿ ತಪ್ಪಿದ್ರೆ ಹಿಡಿಯೋದು ಕಷ್ಟ. ಇವ್ನು ಸಾಕ್ಷಿ ಬಾಯಿಂದಾನೇ ಹೇಳಿಸಿದಾನೆ, ತಪ್ಪು ಮಾಡಿದೀನಿ ಅಂತ. ಒಂದು ಕಡೆ ಮರೆತೋಳು ಇನ್ನು ಎಲ್ಲೆಲ್ಲಿ ಮರೆತಿದಾಳೋ ಯಾರು ಕಂಡೋರು? ಇಡೀ ವರದಿ ತಿಪ್ಪೆಗೆ. ವರದಿ ಇಲ್ದಿದ್ರೆ ದಾವೆ ಎಲ್ಲಿದೆ?"

"ಸಾರ್, ತಪ್ಪು ಅದೊಂದೇ," ಎಂದ ಸಕ್ಲೇನ್. "ಉಳಿದಿದ್ದೆಲ್ಲ ಸರಿಯಿದೆ. ಗುಣಿಸಿದ್ರೆ ಅದೂ ಸರಿಹೋಗುತ್ತೆ."

"ನೋಡಿ, ನೋಡಿ," ಎಂದು ಹರಿಪ್ರಸಾದ್ ಅವನ ಭುಜ ತಟ್ಟಿದರು. "ಎಂಥಾ ವಿನಯ."

ಮುಂದಿನ ಅರ್ಧ ಗಂಟೆಯಲ್ಲಿ ಅನಿಲ್‌ಕುಮಾರ್ ಟೈಪು ಮಾಡಿಸಿ ತಂದ ಅರ್ಜಿಯ ಕಾಗದ ಸಕ್ಲೇನನ ತೊಡೆಯ ಮೇಲಿತ್ತು. ಪರೀಕ್ಷಕಿಯು ತನ್ನ ತಪ್ಪನ್ನು ತಾನೇ ಒಪ್ಪಿಕೊಂಡಿರುವುದರಿಂದ ಆಕೆಗೆ ಕನಿಷ್ಠ ವೈಜ್ಞಾನಿಕ ಜ್ಞಾನವೂ ಇಲ್ಲವೆಂದು ಸ್ಪಷ್ಟವಾಗಿದ್ದು, ವರದಿಯನ್ನು ಪೂರ್ತಿಯಾಗಿ ತಳ್ಳಿಹಾಕಬೇಕೆಂದು ಅದರಲ್ಲಿತ್ತು. ಕನಿಷ್ಠ ಎಂಬ ಪದವನ್ನು ಅವನು ಎರಡು ಸಲ ಓದಿದ. ಹನಿ ಎಣಿಸುವ ಟೈಟ್ರೇಷನ್‌ನಲ್ಲಿ ಅರ್ಪಿತಳ ಲೆಕ್ಕ ಯಾವತ್ತೂ ಒಂದು ಹನಿ ಆಚೀಚೆ ಹೋದದ್ದಿಲ್ಲ. ತರಗತಿಯಲ್ಲಿ ಎಲ್ಲರೂ ಅವಳ ಉತ್ತರ ಕೇಳಿ ತಮ್ಮದನ್ನು ತಿದ್ದಿಕೊಳ್ಳುತ್ತಿದ್ದರು, ಇವನೂ ಒಂದೆರಡು ಸಲ. "ನೀವೇ ಸಹಿ ಹಾಕಿ," ಎಂದರು ಹರಿಪ್ರಸಾದ್. "ಹೆಸರಿನ ಮುಂದೆ ಎಂ.ಎಸ್ಸಿ. ಅಂತಾನೂ ಬರೀರಿ. ವಿಜ್ಞಾನ ಓದಿರೋರೇ ಹೇಳ್ತಿದಾರೆ ಅಂತ ಗೊತ್ತಾಗ್ಲಿ." ಎರಡು ವರ್ಷದಲ್ಲಿ ಅವರು ಅವನ ಡಿಗ್ರಿಯನ್ನು ನೆನಪಿಸಿಕೊಂಡಿದ್ದು ಇದೇ ಮೊದಲು. ಮಾಮು ಫೋನಿನಲ್ಲಿ ಅಮ್ಮನಿಗೆ, "ಫರೀದಾ, ನಿನ್ನ ಮಗ ಒಳಗೆ ನಾಟಕ ಆಡಿ ಎಲ್ರನ್ನೂ ಕುರಿ ಮಾಡ್ಬಿಟ್ಟ. ನನಗೂ ತಿಳೀಲಿಲ್ಲ ಅಂತೀನಿ," ಎನ್ನುತ್ತಿದ್ದರು. ಆ ದನಿಯಲ್ಲಿದ್ದ ಹೆಮ್ಮೆಯನ್ನು ಕೆಡಿಸಲು ಹತ್ತರಿಂದ ಗುಣಿಸುವಷ್ಟು ಸುಲಭದ ದಾರಿ ಯಾವುದೂ ಸಿಗಲಿಲ್ಲ. ಅವನು ಸಹಿ ಹಾಕಿದ. ಕಾರ್ಖಾನೆಯಲ್ಲಿ ಹಾಕುತ್ತಿದ್ದ ಅದೇ ಸಹಿ, ಕೊನೆಯಲ್ಲಿ ಅದೇ ಬಾಲ. ಅಲ್ಲಿ ನಿಂತು ಹಾಕುತ್ತಿದ್ದ, ಇಲ್ಲಿ ಕೂರಲು ಬೆಂಚಿತ್ತು.

ಅನಿಲ್‌ಕುಮಾರ್ ಕಾಗದವನ್ನು ಒಳಗೆ ಕೊಟ್ಟು ಬಂದ. ಮೂರು ಗಂಟೆಗೆ ವಾದ. ಹರಿಪ್ರಸಾದ್, ಮಾಮು ಇಬ್ಬರೂ ವರಾಂಡದಲ್ಲಿ ನಿಂತು ಟೀ ಕುಡಿಯುತ್ತಿದ್ದರು. ಗಾಳಿ ಬೇಕೆನಿಸಿ ಸಕ್ಲೇನ್ ಅಂಗಳಕ್ಕೆ ಇಳಿದು ಹೊಂಗೆಮರದ ಕಟ್ಟೆಯ ಹತ್ತಿರ ಬಂದ. ಅಲ್ಲಿ ಕೂತಿದ್ದ ಪಿಳ್ಳಣ್ಣ ಎದ್ದು ನಿಂತ. ಅರವತ್ತರ ಮೇಲಿನ ವಯಸ್ಸು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಹೆಗಲ ಮೇಲೆ ಹಸಿರು ಟವೆಲು. ಅವನು ಕೈ ಮುಗಿದ.

"ಸ್ವಾಮಿ, ಒಳಗೆ ನೀವು ಹೇಳಿದ್ದು ನಂಗೆ ಅರ್ಧ ತಿಳೀತು. ನಮ್ ಲಾಯರ್ರು ನಕ್ರು, ಆಮೇಲೆ ನೀವು ಕೊಟ್ಟ ಕಾಗದ ನೋಡಿ ಗೆಲ್ತೀವೋ ಇಲ್ವೋ ಅಂದ್ರು. ಯಾವುದು ನಿಜ?"

"ನಾನು ಎದುರು ಪಾರ್ಟಿ ವಕೀಲ. ನಿಮ್ಮ ಹತ್ರ ಮಾತಾಡೋ ಹಾಗಿಲ್ಲ."

"ಸರಿ ಬಿಡಿ." ಪಿಳ್ಳಣ್ಣ ಕೈಚೀಲದಿಂದ ಒಂದು ಲೀಟರಿನ ಪ್ಲಾಸ್ಟಿಕ್ ಬಾಟಲಿ ತೆಗೆದ. ಅದರೊಳಗಿನ ನೀರು ಬಿಸಿಲಿಗೆ ತಿಳಿಯಾಗಿ ಹೊಳೆಯಿತು. "ಬೆಳಿಗ್ಗೆ ಸೇದಿದ್ದು. ಜಡ್ಜಮ್ಮಂಗೆ ತೋರ್ಸೋಣ ಅಂತ ತಂದೆ, ಒಳಗೆ ಬಿಡ್ಲಿಲ್ಲ. ನೋಡೋಕೆ ಚೆನ್ನಾಗೇ ಇರುತ್ತೆ. ನೀವು ನೀರಿನ ವಿಷ್ಯ ಓದಿದೋರಂತೆ. ಕುಡೀಬೋದಾ ಇದನ್ನ?"

"ಹೇಳಿದ್ನಲ್ಲ. ಮಾತಾಡೋ ಹಾಗಿಲ್ಲ ನಾನು."

"ಮಾತಾಡ್ಬೇಡಿ ಸ್ವಾಮಿ. ಕುಡೀರಿ ಸಾಕು."

ವರಾಂಡದಲ್ಲಿ ಟೀ ಲೋಟಗಳು ಬಾಯಿಯ ಹತ್ತಿರ ನಿಂತಿದ್ದವು. ಮಾಮು ನೋಡುತ್ತಿದ್ದರು, ಹರಿಪ್ರಸಾದ್ ತಲೆಯನ್ನು ಸಣ್ಣಗೆ ಅಲ್ಲಾಡಿಸುತ್ತಿದ್ದರು, ಬೇಡವೆಂದೋ ಕುಡಿದು ಮುಗಿಸೆಂದೋ ಅಷ್ಟು ದೂರದಿಂದ ತಿಳಿಯಲಿಲ್ಲ. ಸಕ್ಲೇನ್ ಬಾಟಲಿ ಎತ್ತಿ ಒಂದು ಗುಟುಕು ಬಾಯಿಗೆ ಬಿಟ್ಟುಕೊಂಡ. ನಾಲಿಗೆಯ ಎರಡೂ ಅಂಚಿಗೆ ಉಪ್ಪು ಹತ್ತಿತು, ಅದರ ಹಿಂದೆ ಕಹಿ. ನುಂಗಬೇಕೆಂದು ಗಂಟಲಿಗೆ ಹೇಳಿದ. ಪ್ರತಿವಾದಿ ಪರ ವಕೀಲರೇ ಕುಡಿದರು ಎಂದು ಮೂರು ಗಂಟೆಗೆ ಸೀನಿಯರ್ ವಾದಿಸಬಹುದು. ಮಾಮುವಿನ ಕೆಮ್ಮು ಮತ್ತೆ ಕೇಳಬಹುದು. ಕೆನ್ನೆ ಉಬ್ಬಿಸಿಕೊಂಡು, ಬಿಳಿಪಟ್ಟಿ ಕಟ್ಟಿಕೊಂಡು, ಅವನು ಅಂಗಳದ ನಡುವೆ ನಿಂತಿದ್ದ. ಗಂಟಲು ತೆರೆಯಲಿಲ್ಲ.

ಅವನು ಮರದ ಬುಡಕ್ಕೆ ಬಗ್ಗಿ ಉಗಿದ.

ಮಣ್ಣು ನೀರನ್ನು ಕುಡಿದುಕೊಂಡಿತು. ಪಿಳ್ಳಣ್ಣ ಬಾಟಲಿಯನ್ನು ಅವನ ಕೈಯಿಂದ ತೆಗೆದುಕೊಂಡು, ಮುಚ್ಚಳವನ್ನು ನಿಧಾನವಾಗಿ ತಿರುಗಿಸಿ ಬಿಗಿಮಾಡಿದ. ಆಮೇಲೆ ಹೆಗಲ ಮೇಲಿನ ಟವೆಲು ತೆಗೆದು, ಬಾಯಿ ಒರೆಸಿಕೊಳ್ಳಲೆಂದು, ಅವನಿಗೆ ಕೊಟ್ಟ.